ಬಸವನಹುಳು ಕಾಯುವ ಗಾಲಿ

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಪುಟ್ಟಿ ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಜಗಲಿಗೆ ಓಡಿ ಬಂದಳು. “ಅಜ್ಜಾ, ಅಜ್ಜೀ, ಇಲ್ಲಿ ನೋಡಿ. ಈ ಸೈಕಲ್ಲಿಗೆ ಸೀಟೇ ಇಲ್ಲ!”

ನೋಡಿದೆವು. ಒಬ್ಬ ಹುಡುಗ ಹಿಂದಿನ ಗಾಲಿಯೊಂದರ ಮೇಲೆಯೇ ನಿಂತು, ಕಪ್ಪೆಯ ಹಾಗೆ ಕುಪ್ಪಳಿಸುತ್ತ ಬಂಡೆಯಿಂದ ಬಂಡೆಗೆ ಹೋಗುತ್ತಿದ್ದ. ಮುಂದಿನ ಗಾಲಿ ಗಾಳಿಯಲ್ಲಿತ್ತು. ಸೊಂಟದೆತ್ತರದ ಒಂದು ಕಲ್ಲಿನ ಮುಂದೆ ಬಂದು ಒಂದು ಗಳಿಗೆ ನಿಂತ. ಪೆಡಲಿಗೆ ಒಮ್ಮೆ ಜೋರಾಗಿ ಒದ್ದ. ಮರುಕ್ಷಣ ಸೈಕಲ್ ಸಮೇತ ಕಲ್ಲಿನ ಮೇಲಿದ್ದ. ಕಾಲು ನೆಲಕ್ಕೆ ತಾಗಲೇ ಇಲ್ಲ.

ಪುಟ್ಟಿ ಚಪ್ಪಾಳೆ ತಟ್ಟಿದಳು. ಅವಳ ಅಜ್ಜಿ ಮಾತ್ರ ಕನ್ನಡಕ ಸರಿಮಾಡಿಕೊಂಡು ಕೇಳಿದಳು: “ಅಲ್ಲಾ, ಇಷ್ಟು ಕುಣಿದರೆ ಆ ಹಿಂದಿನ ಗಾಲಿ ಕಳಚಿ ಬರೋದಿಲ್ವಾ?”

ಪುಟ್ಟಿ ನಕ್ಕಳು. ನನಗೆ ನಗು ಬರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಅಜ್ಜಿಯ ಪ್ರಶ್ನೆ ಸರಿಯಾದ ಪ್ರಶ್ನೆ ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹಿಂದಿನ ಗಾಲಿ ಜಾರಿದರೆ ಏನಾಗುತ್ತದೆಂದು 55 ವರ್ಷದ ಹಿಂದೆಯೇ ಕಣ್ಣಾರೆ ನೋಡಿದ್ದೆ. ಆ ಕಥೆಯನ್ನು ಕೊನೆಗೆ ಹೇಳುತ್ತೇನೆ. ಮೊದಲು ಅಜ್ಜಿಯ ಪ್ರಶ್ನೆಗೆ ಉತ್ತರ.

ಇದು ಯಾವ ಆಟ?

ಈ ಆಟಕ್ಕೆ ಟ್ರಯಲ್ಸ್ ಎಂದು ಹೆಸರು. ಇದರಲ್ಲಿ ವೇಗ ಮುಖ್ಯವಲ್ಲ. ಬಂಡೆ, ಮರದ ದಿಮ್ಮಿ, ಕಾಂಕ್ರೀಟ್ ಕೊಳವೆ ಇಂಥ ಅಡ್ಡಿಗಳನ್ನೆಲ್ಲ ಕಾಲು ನೆಲಕ್ಕೆ ಊರದೆ ದಾಟಬೇಕು. ಕಾಲು ಊರಿದರೆ ದಂಡ. ಮೊದಲು ಇದು ಮೋಟಾರ್ ಸೈಕಲ್ಲಿನ ಆಟವಾಗಿತ್ತು. 1970ರ ದಶಕದಲ್ಲಿ ಸ್ಪೇನ್ ದೇಶದ ಕಟಲೋನಿಯಾದಲ್ಲಿ ಪೆರೆ ಪಿ ಎಂಬ ಮೋಟಾರ್ ಸೈಕಲ್ ಸವಾರನ ಮಗ ಓಟ್ ಪಿ, ಅಪ್ಪ ಮೋಟಾರ್ ಸೈಕಲ್ಲಿನಲ್ಲಿ ಮಾಡುತ್ತಿದ್ದುದನ್ನು ತಾನು ಸೈಕಲ್ಲಿನಲ್ಲಿ ಮಾಡತೊಡಗಿದ. ಮುಂದೆ ಅವನೇ ಈ ಆಟದಲ್ಲಿ ವಿಶ್ವ ಚಾಂಪಿಯನ್ ಆದ. 1986ರಿಂದ ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವೇ ಇದಕ್ಕೆ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿದೆ. 20 ಅಂಗುಲದ ಗಾಲಿಯ ಸೈಕಲ್ಲಿಗೆ ಒಂದು ವಿಭಾಗ, 26 ಅಂಗುಲದ್ದಕ್ಕೆ ಇನ್ನೊಂದು.

ಡ್ಯಾನಿ ಮೆಕ್‌ಆಸ್ಕಿಲ್ ಹೆಸರನ್ನು ಕೆಲವು ಮಕ್ಕಳು ಕೇಳಿರಬಹುದು. ಸ್ಕಾಟ್ಲೆಂಡಿನ ಸ್ಕೈ ದ್ವೀಪದವನು. ಎಡಿನ್‌ಬರೋ ನಗರದ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದ. 2009ರಲ್ಲಿ ಅವನ ಸೈಕಲ್ ಸಾಹಸದ ವೀಡಿಯೊ ಒಂದು ಬಂತು. ಮೊನಚು ಕಂಬಿಗಳ ಬೇಲಿಯ ಮೇಲೆ ಸೈಕಲ್ ಓಡಿಸುವ ದೃಶ್ಯ ಅದರಲ್ಲಿದೆ. ಕೆಲವೇ ದಿನಗಳಲ್ಲಿ ಅದು ಜಗತ್ತಿನ ಮೂಲೆ ಮೂಲೆ ಮುಟ್ಟಿತು. ಆ ವೀಡಿಯೊ ಶುರುವಾಗುವುದು ಅವನು ಬೇಲಿಯಿಂದ ಬೀಳುವ ದೃಶ್ಯಗಳಿಂದ ಎನ್ನುವುದನ್ನೂ ಮಕ್ಕಳು ಗಮನಿಸಬೇಕು. ಮತ್ತೆ ಮತ್ತೆ ಬಿದ್ದು, ಎದ್ದು, ಕೊನೆಗೆ ದಾಟುತ್ತಾನೆ.

ಅವನು ಮೊದಲು ಮೆಕ್ಯಾನಿಕ್ ಆಗಿದ್ದ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಇಂಥ ಆಟ ಆಡುವವನಿಗೆ ತನ್ನ ಸೈಕಲ್ಲಿನ ಒಂದೊಂದು ನಟ್ಟೂ ಗೊತ್ತಿರಬೇಕು.

ಕಚ್ಚಿನಲ್ಲಿ ಕೂತ ಆಕ್ಸಲ್

ಈಗ ನಿಮ್ಮ ಮನೆಯ ಸೈಕಲ್ ಹತ್ತಿರ ಹೋಗಿ, ಹಿಂದಿನ ಗಾಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ನೋಡಿ. ಗಾಲಿಯ ನಡುವೆ ಒಂದು ಕಬ್ಬಿಣದ ಸರಳು ಹಾದುಹೋಗಿದೆ. ಅದೇ ಆಕ್ಸಲ್. ಅದರ ಎರಡೂ ತುದಿ ಸೈಕಲ್ ಚೌಕಟ್ಟಿನ ಕೊನೆಯಲ್ಲಿರುವ ಒಂದೊಂದು ಕಚ್ಚಿನಲ್ಲಿ ಕೂತಿವೆ. ಇಂಗ್ಲಿಷಿನಲ್ಲಿ ಈ ಕಚ್ಚಿಗೆ ಡ್ರಾಪ್‌ಔಟ್ ಎನ್ನುತ್ತಾರೆ. ಕಚ್ಚಿನ ಒಂದು ಬದಿ ತೆರೆದಿರುತ್ತದೆ. ತೆರೆದಿರದಿದ್ದರೆ ಪಂಕ್ಚರ್ ಆದಾಗ ಗಾಲಿ ತೆಗೆಯುವುದು ಹೇಗೆ?

ಗೇರ್ ಇರುವ ಈಗಿನ ಬಹಳಷ್ಟು ಸೈಕಲ್‌ಗಳಲ್ಲಿ ಈ ಕಚ್ಚು ಕೆಳಮುಖವಾಗಿ ತೆರೆದಿರುತ್ತದೆ. ಸವಾರನ ತೂಕವೇ ಚೌಕಟ್ಟನ್ನು ಆಕ್ಸಲ್ ಮೇಲೆ ಒತ್ತಿ ಕೂರಿಸುತ್ತದೆ. ಚೈನು ಮುಂದಕ್ಕೆ ಎಳೆದರೂ ಆಕ್ಸಲ್ಲಿಗೆ ಕಚ್ಚಿನ ಗೋಡೆ ಅಡ್ಡ ಇದೆ. ಚೈನು ಸಡಿಲವಾದರೆ ಅದನ್ನು ಬಿಗಿಹಿಡಿಯಲು ಸ್ಪ್ರಿಂಗ್ ಇರುವ ಗೇರಿನ ತೋಳು ಇದೆ.

ಅಜ್ಜಂದಿರ ಕಾಲದ ಕಪ್ಪು ಸೈಕಲ್ಲಿನ ಕಚ್ಚು ಬೇರೆ. ಅದು ಅಡ್ಡಲಾಗಿ, ಹಿಂದಕ್ಕೆ ತೆರೆದಿರುತ್ತದೆ. ಗೇರ್ ಇಲ್ಲದ್ದರಿಂದ ಚೈನು ಸಡಿಲವಾದಾಗ ಇಡೀ ಗಾಲಿಯನ್ನೇ ಸ್ವಲ್ಪ ಹಿಂದಕ್ಕೆ ಎಳೆದು ಬಿಗಿ ಮಾಡಬೇಕು. ಅದಕ್ಕೇ ಉದ್ದನೆಯ ಅಡ್ಡ ಕಚ್ಚು.

ಟ್ರಯಲ್ಸ್ ಸೈಕಲ್ಲಿಗೂ ಸಾಮಾನ್ಯವಾಗಿ ಒಂದೇ ಗೇರ್. ಹೀಗಾಗಿ ಅದರ ಕಚ್ಚೂ ಅಜ್ಜನ ಸೈಕಲ್ಲಿನ ಹಾಗೆ ಅಡ್ಡಲಾಗಿಯೇ ಇರುತ್ತದೆ. ಸ್ಪೇನಿನ ಬಂಡೆಯ ಮೇಲೆ ಹಾರುವ ಸೈಕಲ್ಲಿಗೂ ನಮ್ಮ ಮಲೆನಾಡಿನ ಜಗಲಿಗೆ ಒರಗಿದ ಸೈಕಲ್ಲಿಗೂ ಹೀಗೊಂದು ನೆಂಟಸ್ತಿಕೆ.

ಅಡ್ಡ ಕಚ್ಚಿಗೆ ಒಂದು ತೊಂದರೆ ಇದೆ. ಚೈನು ಎಳೆಯುವುದು ಮುಂದಕ್ಕೆ, ಕಚ್ಚು ಇರುವುದೂ ಅದೇ ದಿಕ್ಕಿಗೆ. ನಟ್ಟಿನ ಹಿಡಿತ ಸೋತರೆ ಆಕ್ಸಲ್ ಕಚ್ಚಿನೊಳಗೇ ಮುಂದಕ್ಕೆ ಜಾರುತ್ತದೆ. ಚೈನು ಇರುವುದು ಬಲಗಡೆ. ಆದ್ದರಿಂದ ಬಲಗಡೆಯ ತುದಿ ಮೊದಲು ಜಾರುತ್ತದೆ. ಗಾಲಿ ಓರೆಯಾಗಿ ಟೈರು ಎಡಗಡೆಯ ಕೊಳವೆಗೆ ಉಜ್ಜುತ್ತದೆ. ಅದೇ ಹೊತ್ತಿಗೆ ಚೈನು ಸಡಿಲವಾಗಿ ಹಲ್ಲಿನಿಂದ ಜಾರಬಹುದು. ಹಾರಲೆಂದು ಪೆಡಲ್ ಒದ್ದವನ ಕಾಲು ಆಗ ಖಾಲಿ ಜಾಗಕ್ಕೆ ಒದ್ದಂತೆ ಧಸಕ್ಕನೆ ಕೆಳಗಿಳಿಯುತ್ತದೆ. ಮುಂದಿರುವುದು ಬಂಡೆ.

ಚೈನು ಎಷ್ಟು ಎಳೆಯುತ್ತದೆ?

“ಎಷ್ಟು ಜೋರಾಗಿ ಎಳೆಯುತ್ತೆ ಅಜ್ಜಾ?” ಎಂದಳು ಪುಟ್ಟಿ. ಕಾಗದ, ಪೆನ್ಸಿಲ್ ತರಿಸಿದೆ. ನೀವೂ ತನ್ನಿ.

ಸೈಕಲ್ ಚೈನಿನ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಪೆಡಲಿನ ಹತ್ತಿರದ ಹಲ್ಲುಚಕ್ರಕ್ಕೆ 44 ಹಲ್ಲಿದ್ದರೆ ಅದರ ಸುತ್ತಳತೆ 44 × 12.7 = ಸುಮಾರು 559 ಮಿಲಿಮೀಟರ್. ಇದನ್ನು 6.28ರಿಂದ ಭಾಗಿಸಿದರೆ ತ್ರಿಜ್ಯ: ಸುಮಾರು 89 ಮಿಲಿಮೀಟರ್. ಪೆಡಲಿನ ತೋಳಿನ ಉದ್ದ 170 ಮಿಲಿಮೀಟರ್ ಎಂದುಕೊಳ್ಳಿ. ತೋಳು ತ್ರಿಜ್ಯಕ್ಕಿಂತ 1.9 ಪಟ್ಟು ಉದ್ದ. ಸನ್ನೆಕೋಲಿನ ಪಾಠ ನೆನಪಿದೆಯಲ್ಲ? 60 ಕಿಲೋ ತೂಕದವರು ಅಡ್ಡಲಾಗಿರುವ ಪೆಡಲಿನ ಮೇಲೆ ಪೂರ್ತಿ ನಿಂತರೆ ಚೈನಿನ ಎಳೆತ 60 × 1.9, ಅಂದರೆ ಸುಮಾರು 115 ಕಿಲೋ ತೂಕದಷ್ಟು. ಇದು ಅಜ್ಜನ ಸೈಕಲ್ಲಿನ ಲೆಕ್ಕ.

ಟ್ರಯಲ್ಸ್ ಸೈಕಲ್ಲಿಗೆ ಮುಂದಿನ ಹಲ್ಲುಚಕ್ರ ತೀರಾ ಚಿಕ್ಕದು, ಹೆಚ್ಚಾಗಿ 18 ಹಲ್ಲು. ಸುತ್ತಳತೆ ಸುಮಾರು 229, ತ್ರಿಜ್ಯ ಸುಮಾರು 36.4 ಮಿಲಿಮೀಟರ್. ಪೆಡಲಿನ ತೋಳು 175 ಮಿಲಿಮೀಟರ್ ಎಂದಿಟ್ಟುಕೊಂಡರೆ 4.8 ಪಟ್ಟು. ಅದೇ 60 ಕಿಲೋದ ಸವಾರ ಸುಮ್ಮನೆ ನಿಂತರೂ ಚೈನಿನ ಎಳೆತ ಸುಮಾರು 288 ಕಿಲೋ!

“ಅಬ್ಬಾ, ಅಕ್ಕಿ ಮೂಟೆ ಲೆಕ್ಕದಲ್ಲಿ ಹೇಳಿ” ಎಂದಳು ಅಜ್ಜಿ. 50 ಕಿಲೋದ ಮೂಟೆಯಾದರೆ ಹತ್ತಿರ ಹತ್ತಿರ ಆರು ಮೂಟೆ. ಇದು ಸುಮ್ಮನೆ ನಿಂತಾಗಿನ ಮಾತು. ಹಾರಲೆಂದು ಒದೆಯುವಾಗ ಕಾಲಿನ ಒತ್ತಡ ಮೈತೂಕಕ್ಕಿಂತಲೂ ಹೆಚ್ಚು.

ಈ ಎಳೆತವನ್ನು ತಡೆಯುವುದು ಯಾವುದು? ಬಹಳ ಜನ ನಟ್ಟು ಆಕ್ಸಲ್ಲನ್ನು ಅಡ್ಡಗಟ್ಟಿ ನಿಲ್ಲಿಸಿದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ನಟ್ಟು ಚೌಕಟ್ಟಿನ ಲೋಹವನ್ನು ಒಳಗೂ ಹೊರಗೂ ಒತ್ತಿ ಹಿಡಿಯುತ್ತದೆ. ಒತ್ತಿದ ಕಡೆ ಘರ್ಷಣೆ ಹುಟ್ಟುತ್ತದೆ. ಆ ಘರ್ಷಣೆಯೇ ಗಾಲಿಯನ್ನು ಜಾರದಂತೆ ಇಡುವುದು. ಎರಡು ಅಂಗೈ ನಡುವೆ ಪುಸ್ತಕ ಹಿಡಿದ ಹಾಗೆ: ಒತ್ತಿದಷ್ಟು ಹೊತ್ತು ಪುಸ್ತಕ ನಿಲ್ಲುತ್ತದೆ, ಕೈ ಸಡಿಲಿಸಿದರೆ ಬೀಳುತ್ತದೆ.

ಬಸವನಹುಳು ಬಿಲ್ಲೆ

ಬರಿಯ ಘರ್ಷಣೆಯನ್ನೇ ನಂಬಿ ಬಂಡೆಯಿಂದ ಬಂಡೆಗೆ ಹಾರುವುದು ಹೇಗೆ? ಅದಕ್ಕೇ ಟ್ರಯಲ್ಸ್ ಸೈಕಲ್ಲಿನ ಆಕ್ಸಲ್ ತುದಿಯಲ್ಲಿ ಎರಡೂ ಕಡೆ ಒಂದೊಂದು ಬಿಲ್ಲೆ ಇರುತ್ತದೆ. ಅದು ಪೂರ್ತಿ ದುಂಡಗಿಲ್ಲ. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತ ಸುತ್ತುತ್ತ ಅಗಲವಾಗುತ್ತ ಹೋಗುತ್ತದೆ. ಇಂಗ್ಲಿಷಿನವರೂ ಇದನ್ನು ಬಸವನಹುಳು ಎಂದೇ ಕರೆದಿದ್ದಾರೆ: ಸ್ನೇಲ್ ಕ್ಯಾಮ್.

ಇದರ ಕೆಲಸ ಸರಳ. ಆಕ್ಸಲ್ಲಿನ ಮುಂದುಗಡೆ ಚೌಕಟ್ಟಿನಲ್ಲಿ ಒಂದು ಗಟ್ಟಿ ಮೊಳೆಯಂಥ ಪಿನ್ನು ಇರುತ್ತದೆ. ಬಿಲ್ಲೆಯ ಅಂಚು ಆ ಪಿನ್ನಿಗೆ ತಾಗಿ ನಿಲ್ಲುತ್ತದೆ. ಬಿಲ್ಲೆಯನ್ನು ತಿರುಗಿಸಿದರೆ ಅದರ ಅಗಲವಾದ ಭಾಗ ಪಿನ್ನಿನ ಎದುರು ಬರುತ್ತದೆ. ಪಿನ್ನು ಅಲುಗುವುದಿಲ್ಲ. ಆದ್ದರಿಂದ ಆಕ್ಸಲ್ಲೇ ಹಿಂದಕ್ಕೆ ಸರಿಯುತ್ತದೆ, ಚೈನು ಬಿಗಿಯಾಗುತ್ತದೆ. ಎರಡೂ ಕಡೆಯ ಬಿಲ್ಲೆಯನ್ನು ಸಮನಾಗಿ ತಿರುಗಿಸಿದರೆ ಗಾಲಿ ನೇರ.

ಈಗ ಚೈನು ಎಷ್ಟು ಎಳೆದರೂ ಬಿಲ್ಲೆ ಪಿನ್ನಿಗೆ ಇನ್ನಷ್ಟು ಒತ್ತುತ್ತದೆಯೇ ಹೊರತು ಗಾಲಿ ಮುಂದೆ ಬರುವುದಿಲ್ಲ. ಬಿಲ್ಲೆ ತಿರುಗಿಬಿಟ್ಟರೆ? ಹಾಗಾಗದಿರಲಿ ಎಂದೇ ಹೊರಗಿನಿಂದ ಬೋಲ್ಟು ಬಿಗಿಯುತ್ತಾರೆ. ಕೆಲವು ಬಿಲ್ಲೆಗಳ ಅಂಚಿನಲ್ಲಿ ಸಣ್ಣ ಕಚ್ಚುಗಳಿದ್ದು ಪಿನ್ನು ಅದರಲ್ಲಿ ಕೂರುತ್ತದೆ. ಬೋಲ್ಟು ಗಾಲಿಯನ್ನು ಒತ್ತಿ ಹಿಡಿಯುತ್ತದೆ, ಬಸವನಹುಳು ಅಡ್ಡ ನಿಲ್ಲುತ್ತದೆ. ಎರಡೂ ಬೇಕು.

ನಮ್ಮ ಹಳೆಯ ಸೈಕಲ್‌ಗಳಲ್ಲೂ ಇದಕ್ಕೊಬ್ಬ ಅಣ್ಣನಿದ್ದಾನೆ. ಆಕ್ಸಲ್ಲಿಗೆ ತೊಡಿಸಿದ ಒಂದು ಬಳೆ, ಅದರಿಂದ ಹಿಂದಕ್ಕೆ ಹೊರಟ ಮರೆಯ ಕಡ್ಡಿ, ಅದಕ್ಕೊಂದು ಪುಟ್ಟ ನಟ್ಟು. ಸೈಕಲ್ ಅಂಗಡಿಯಲ್ಲಿ ಚೈನ್ ಅಡ್ಜಸ್ಟರ್ ಎಂದರೆ ಕೊಡುತ್ತಾರೆ. ಬಸವನಹುಳು ಮುಂದಿನಿಂದ ತಳ್ಳುತ್ತದೆ, ಇದು ಹಿಂದಿನಿಂದ ಎಳೆಯುತ್ತದೆ. ಕೆಲಸ ಒಂದೇ.

ಬೇಗ ಬಿಚ್ಚಬೇಕೆಂದವನು

ಇದಕ್ಕೆ ತಿರುಗಾಮುರುಗಾ ಕಥೆಯೂ ಒಂದಿದೆ. ಟುಲಿಯೊ ಕಂಪಾನ್ಯೋಲೊ ಇಟಲಿಯ ಸೈಕಲ್ ಪಂದ್ಯಗಾರ. ಆ ಕಾಲದ ಪಂದ್ಯದ ಸೈಕಲ್‌ಗಳಲ್ಲಿ ಹಿಂದಿನ ಗಾಲಿಯ ಎರಡೂ ಬದಿಗೆ ಹಲ್ಲುಚಕ್ರ ಇರುತ್ತಿತ್ತು. ಬೆಟ್ಟ ಹತ್ತುವಾಗ ಇಳಿದು, ಗಾಲಿ ಬಿಚ್ಚಿ, ತಿರುಗಿಸಿ ಹಾಕಬೇಕು. ಅದೇ ಆಗಿನ ಗೇರು. 1927ರಲ್ಲಿ ಹಿಮ ಬೀಳುತ್ತಿದ್ದ ಬೆಟ್ಟದ ಮೇಲೆ ಅವನ ಬೆರಳು ಮರಗಟ್ಟಿ ನಟ್ಟು ಬಿಚ್ಚಲಾಗದೆ ಪಂದ್ಯ ಕೈತಪ್ಪಿತು ಎಂದು ಕಥೆ ಹೇಳುತ್ತಾರೆ. ಆಮೇಲೆ ಅವನು ಕೈಯಲ್ಲೇ ಮಡಚಿ ಬಿಗಿಯುವ, ಕೈಯಲ್ಲೇ ಎತ್ತಿ ಬಿಚ್ಚುವ ಹಿಡಿಕೆಯನ್ನು ರೂಪಿಸಿದ. 1933ರಲ್ಲಿ ಸ್ವಂತ ಕಂಪನಿ ಕಟ್ಟಿದ. ಈಗಿನ ಅನೇಕ ಗೇರ್ ಸೈಕಲ್‌ಗಳ ಗಾಲಿಯಲ್ಲಿ ಕಾಣುವ ಹಿಡಿಕೆ ಅದರದ್ದೇ ವಂಶ.

ಪಂದ್ಯಗಾರನಿಗೆ ಗಾಲಿ ಬೇಗ ಬಿಚ್ಚಬೇಕು. ಟ್ರಯಲ್ಸ್ ಸವಾರನಿಗೆ ಗಾಲಿ ಒಂದು ಕೂದಲೆಳೆಯಷ್ಟೂ ಅಲುಗಬಾರದು. ಯಾರಿಗೆ ಏನು ಬೇಕೋ ಹಾಗೆ ಅವರವರ ಬೀಗ. ಶಾಲೆಗೆ ಹೋಗುವ ನಿಮಗೆ ಬೇಕಾದದ್ದು ಎರಡನೆಯದೇ: ಅಲುಗದ ಗಾಲಿ.

ಏರಿನಲ್ಲಿ ಆದದ್ದು

ಈಗ ನನ್ನ ಕಥೆ. ನಮ್ಮೂರು ತೀರ್ಥಹಳ್ಳಿ ಕಡೆಯದು. ಅಲ್ಲಿ ಸಪಾಟು ರಸ್ತೆ ಎಂದರೆ ಎರಡು ಏರಿನ ನಡುವಿನ ಜಾಗ. ನನಗೆ 13 ವರ್ಷ, ತಂಗಿಗೆ 9. ಒಂದು ಭಾನುವಾರ ಅಪ್ಪಯ್ಯನ ಸೈಕಲ್ಲಿನ ಹಿಂದಿನ ಗಾಲಿ ಪಂಕ್ಚರ್ ಆಗಿತ್ತು. ಅಪ್ಪಯ್ಯ ಊರಲ್ಲಿರಲಿಲ್ಲ. ಪಕ್ಕದ ಮನೆಯಿಂದ ಪಾನ ತಂದು ಗಾಲಿ ಬಿಚ್ಚಿದೆ, ಟ್ಯೂಬಿಗೆ ತೇಪೆ ಹಾಕಿದೆ. ಗಾಲಿ ತಿರುಗಿ ಜೋಡಿಸುವ ಹೊತ್ತಿಗೆ ಅವರು ಪಾನ ವಾಪಸು ಒಯ್ದಿದ್ದರು. ಮತ್ತೆ ಹೋಗಿ ಕೇಳಲು ಸೋಮಾರಿತನ. ಇಕ್ಕಳದಿಂದ ಹಿಡಿದು ನಟ್ಟು ತಿರುಗಿಸಿದೆ. ಕೈಗೆ ಬಿಗಿಯೆನಿಸಿತು. ಸಾಕು ಎಂದುಕೊಂಡೆ.

ಮರುದಿನ ತಂಗಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಗೆ ಹೊರಟೆ. ಸಪಾಟಿನಲ್ಲಿ ಏನೂ ಆಗಲಿಲ್ಲ. ಏರು ಬಂದಾಗ ಎದ್ದು ನಿಂತು ಪೆಡಲ್ ತುಳಿದೆ. ಹಿಂದೆ ‘ಟಕ್’ ಎಂದಿತು. ಗಾಲಿ ಓರೆಯಾಗಿ ಟೈರು ಎಡಗಡೆ ಕಚ್ಚಿಕೊಂಡಿತು. ಸೈಕಲ್ ಗೂಟ ಹೊಡೆದಂತೆ ನಿಂತು ಪಕ್ಕಕ್ಕೆ ಉರುಳಿತು. ನನಗೆ ಮೊಣಕೈ ತರಚಿತು, ಅಷ್ಟೇ. ತಂಗಿಯ ಗಲ್ಲ ರಸ್ತೆ ಬದಿಯ ಕಲ್ಲಿಗೆ ಬಡಿಯಿತು. ಬಿಳಿ ಅಂಗಿಯೆಲ್ಲ ಕೆಂಪಾಯಿತು. ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು.

“ಹೇಗಾಯ್ತೋ?” ಎಂದು ಅಪ್ಪಯ್ಯ ಕೇಳಿದಾಗ ನಾನು, “ನಾಯಿ ಅಡ್ಡ ಬಂತು” ಎಂದುಬಿಟ್ಟೆ. ಅವರು ನಂಬಿದರು. ತಂಗಿಯೂ ನಂಬಿದಳು. ಅವಳು ಕೂತದ್ದು ಹಿಂದೆ, ಮುಂದಿನದು ಅವಳಿಗೆ ಕಾಣುತ್ತಿರಲಿಲ್ಲ. ಆ ನಾಯಿಯನ್ನು ಬೈಯುತ್ತಲೇ ಅವಳು ದೊಡ್ಡವಳಾದಳು.

ಕಥೆ ಮುಗಿಸಿದಾಗ ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಹೋಗಿ ತನ್ನ ಸೈಕಲ್ ತಂದು ಜಗಲಿಯ ಮುಂದೆ ನಿಲ್ಲಿಸಿದಳು. “ನೋಡೋಣ ಅಜ್ಜಾ.” ಬಲಗಡೆಯ ನಟ್ಟಿಗೆ ಪಾನ ಹಾಕಿದರೆ ಅರ್ಧ ಸುತ್ತು ತಿರುಗಿತು! ಸ್ಟ್ಯಾಂಡು, ಕ್ಯಾರಿಯರ್ ಕಾಲು, ಮಡ್‌ಗಾರ್ಡ್ ಕಡ್ಡಿ ಎಲ್ಲ ಒಂದೇ ನಟ್ಟಿನ ಕೆಳಗೆ ಸಾಲಾಗಿ ಕೂತಿದ್ದವು. ಅವುಗಳ ಬಣ್ಣದ ಪದರ ಒತ್ತಡಕ್ಕೆ ಕುಗ್ಗಿದಂತೆಲ್ಲ ಹೊಸ ಸೈಕಲ್ಲಿನ ನಟ್ಟೂ ಸಡಿಲವಾಗುತ್ತದೆ. ಅಂಗಡಿಯಲ್ಲಿ ಒಮ್ಮೆ ಬಿಗಿದರೆ ಮುಗಿಯಿತು ಎನ್ನುವ ಹಾಗಿಲ್ಲ.

ಸೈಕಲ್ ಹತ್ತುವ ಮೊದಲು

ಅಜ್ಜ ಮೊಮ್ಮಕ್ಕಳು ಜೊತೆಗೂಡಿ ವಾರಕ್ಕೊಮ್ಮೆ ಮಾಡಬಹುದಾದ ಕೆಲಸ ಇದು:

1. ಸೈಕಲ್ಲಿನ ಹಿಂದೆ ನಿಂತು ನೋಡಿ. ಟೈರಿನ ಎರಡೂ ಬದಿಗೆ ಕೊಳವೆಯಿಂದ ಸಮನಾದ ಅಂತರವಿದೆಯೇ? ಇಲ್ಲದಿದ್ದರೆ ಗಾಲಿ ಓರೆಯಾಗಿದೆ.

2. ಗಾಲಿಯನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ‘ಟಕ್ ಟಕ್’ ಎಂದರೆ ಓಡಿಸಬೇಡಿ, ಮೊದಲು ರಿಪೇರಿ.

3. ಚೈನಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಗೇರ್ ಇಲ್ಲದ ಸೈಕಲ್ಲಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ಆಡಿದರೆ ಸರಿ. ಜೋತುಬಿದ್ದಿದ್ದರೆ ಗಾಲಿಯನ್ನು ಹಿಂದಕ್ಕೆ ಎಳೆದು ಬಿಗಿಯಬೇಕು.

4. ಬಿಗಿಯುವಾಗ ಮೊದಲು ಬಲಗಡೆ ಸ್ವಲ್ಪ, ಆಮೇಲೆ ಗಾಲಿ ನೇರ ಮಾಡಿ ಎಡಗಡೆ ಸ್ವಲ್ಪ, ಹೀಗೆ ಒಂದಾದ ಮೇಲೊಂದು ಬಿಗಿಯುತ್ತ ಹೋಗಿ. ಒಂದೇ ಕಡೆ ಪೂರ್ತಿ ಬಿಗಿದರೆ ಗಾಲಿ ಓರೆಯಾಗುತ್ತದೆ.

5. ಸರಿಯಾದ ಅಳತೆಯ ಪಾನವೇ ಬೇಕು, ಇಕ್ಕಳ ಬೇಡ. ಸಾಧಾರಣ ಸೈಕಲ್ಲಿನ ಹಿಂದಿನ ನಟ್ಟಿಗೆ 30ರಿಂದ 40 ನ್ಯೂಟನ್ ಮೀಟರ್ ಬಿಗಿತ ಬೇಕು. 20 ಸೆಂಟಿಮೀಟರ್ ಉದ್ದದ ಪಾನದ ತುದಿಯನ್ನು 15ರಿಂದ 20 ಕಿಲೋ ತೂಕದಷ್ಟು ಬಲದಿಂದ ಒತ್ತಿದರೆ ಅಷ್ಟಾಗುತ್ತದೆ. ಇದು ದೊಡ್ಡವರ ಕೈಕೆಲಸ. ಅತಿಯಾಗಿ ಬಿಗಿದರೆ ಮರೆ ಸವೆದು ನಟ್ಟೇ ಹಾಳು. ಸೈಕಲ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

6. ಮಡಚುವ ಹಿಡಿಕೆ ಇದ್ದರೆ ಅದನ್ನು ನಟ್ಟಿನ ಹಾಗೆ ಸುತ್ತಿಸಿ ಬಿಡಬಾರದು. ಪೂರ್ತಿ ಮಡಚಿ ಮುಚ್ಚಬೇಕು. ಮುಚ್ಚುವಾಗ ಅಂಗೈಯಲ್ಲಿ ಅದರ ಗುರುತು ಮೂಡುವಷ್ಟು ಬಿಗಿ ಇರಬೇಕು.

7. ಬಿಗಿದಾದ ಮೇಲೆ ನಟ್ಟಿನಿಂದ ಚೌಕಟ್ಟಿನವರೆಗೆ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ನಟ್ಟು ತಿರುಗಿದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ. ದಿನಾ ಶಾಲೆಗೆ ಹೊರಡುವಾಗ ಒಮ್ಮೆ ಬಗ್ಗಿ ನೋಡಿದರೆ ಸಾಕು.

ಪುಟ್ಟಿಯ ಸೈಕಲ್ಲಿಗೆ ಅಜ್ಜಿಯ ರಂಗೋಲಿಯ ಡಬ್ಬಿಯ ಪಕ್ಕದಲ್ಲಿದ್ದ ಹಳದಿ ಪೇಂಟಿನಿಂದ ಗೆರೆ ಎಳೆದೆವು. ಅಜ್ಜಿಯೂ ಬಂದು ನೋಡಿ, “ಇನ್ನು ಕುಣಿದರೂ ಬರೋದಿಲ್ಲ ಬಿಡು” ಎಂದು ಸರ್ಟಿಫಿಕೇಟ್ ಕೊಟ್ಟಳು. ಬಂಡೆ ಹಾರುವ ಆಸೆ ಪುಟ್ಟಿಗೆ ಇನ್ನೂ ಇದೆ. ಹಾರಲಿ. ಹೆಲ್ಮೆಟ್ ಹಾಕಿಕೊಂಡು, ಕಲಿಸುವವರ ಹತ್ತಿರ ಕಲಿತು, ಅದಕ್ಕೆಂದೇ ಮಾಡಿದ ಸೈಕಲ್ಲಿನಲ್ಲಿ ಹಾರಲಿ.

ಕೈ ತೊಳೆಯುವಾಗ ಅವಳು ಕೇಳಿದಳು: “ನಾಯಿ ವಿಷಯ ಸಣ್ಣಜ್ಜಿಗೆ ಗೊತ್ತಾ?”

“ಇಲ್ಲ.”

“ಹಾಗಾದ್ರೆ ಬರೀರಿ ಅಜ್ಜಾ. ಸಣ್ಣಜ್ಜಿ ವಾರಪತ್ರಿಕೆ ಒಂದಕ್ಷರ ಬಿಡದೆ ಓದ್ತಾರಲ್ಲ.”

ಅದಕ್ಕೇ ಬರೆದೆ. ತಂಗೀ, ಅವತ್ತು ನಾಯಿ ಅಡ್ಡ ಬಂದಿರಲಿಲ್ಲ. ಪಾಪ, ಅದು ಹಿತ್ತಲಲ್ಲಿ ಮಲಗಿತ್ತು. ನಟ್ಟು ಸಡಿಲವಿತ್ತು. ಅದನ್ನು ಬಿಗಿ ಮಾಡಬೇಕಾಗಿದ್ದವನು ನಾನು.